ಅಗ್ಗದ ಸಾಲು ತಂದರೆ ಗಿಟಾರ್ ಕಂಪನಿಯ ಹೆಸರು ಕೆಡುತ್ತದೆಯೇ? ಫೆಂಡರ್–ಸ್ಕ್ವಾಯರ್, ಗಿಬ್ಸನ್–ಎಪಿಫೋನ್ ಮತ್ತು ಉಳಿದವರು

ತುಂಗಾತೀರ

ಒಂದು ವಾಟ್ಸಾಪ್ ಗುಂಪಿನಲ್ಲಿ ಶುರುವಾದ ವಾದವನ್ನು ಇಲ್ಲಿಗೆ ತಂದಿದ್ದೇನೆ, ಅಲ್ಲಿ ನಾಲ್ಕು ಸಾಲಿಗಿಂತ ಹೆಚ್ಚು ಬರೆದರೆ ಯಾರೂ ಓದುವುದಿಲ್ಲ. ಗೆಳೆಯರೊಬ್ಬರು ಹೇಳಿದ್ದು ಇಷ್ಟು: ಕಾಲೇಜು ಹುಡುಗರ ಜೇಬಿಗೆ ಎಟುಕುವ ಸ್ಕ್ವಾಯರ್ ಅನ್ನುವ ಅಗ್ಗದ ಸಾಲು (ಕಡಿಮೆ ಬೆಲೆಯ ಮಾಡೆಲ್‌ಗಳ ಗುಂಪು) ಮಾರಲು ಹೊರಟ ದಿನವೇ ಫೆಂಡರ್ ತನ್ನ ಮರ್ಯಾದೆ ಕಳೆದುಕೊಂಡಿತು. ಎಪಿಫೋನ್ ಅನ್ನುವ ಹೆಸರಿನಲ್ಲಿ ಅಗ್ಗದ್ದು ಮಾರಿ ಗಿಬ್ಸನ್ನೂ ಅದೇ ದಾರಿ ಹಿಡಿಯಿತು. ದೊಡ್ಡ ಮನೆಯವರು ಅಗ್ಗದ ಮಾಲಿಗೆ ಕೈಹಾಕಬಾರದು.

ನಾನು ಇದನ್ನು ಒಪ್ಪುವುದಿಲ್ಲ. ಗಿಟಾರ್ ಕಂಪನಿಗಳ ಹೆಸರು ಕೆಟ್ಟಾಗಲೆಲ್ಲ ಅದು ಮೇಲಿನಿಂದ ಕೆಟ್ಟಿದೆ, ಕೆಳಗಿನಿಂದಲ್ಲ. ಫೆಂಡರ್ ಕಥೆಯನ್ನೇ ನೋಡಿ.

ಲಿಯೋ ಫೆಂಡರ್ 1946ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಶುರು ಮಾಡಿದ ಕಂಪನಿ 1965ರ ಜನವರಿಯಲ್ಲಿ ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್ ಕೈಗೆ ಹೋಯಿತು. ಬೆಲೆ 1.3 ಕೋಟಿ ಡಾಲರ್. ಅಲ್ಲಿಂದ ಲೆಕ್ಕಪತ್ರ ನೋಡುವವರ ರಾಜ್ಯಭಾರ. 1971ರಲ್ಲಿ ಫೆಂಡರಿನ ಹೆಸರಾಂತ ಎಲೆಕ್ಟ್ರಿಕ್ ಗಿಟಾರ್ ಸ್ಟ್ರಾಟೋಕ್ಯಾಸ್ಟರಿನ (ಸ್ಟ್ರಾಟ್) ನೆಕ್, ಅಂದರೆ ಉದ್ದನೆಯ ಕುತ್ತಿಗೆ, ಹಿಡಿದಿಡುವ ನಾಲ್ಕು ಸ್ಕ್ರೂ ಮೂರಾಯಿತು. ಫಿನಿಶ್ ದಪ್ಪಗಾಯಿತು, ಎಪ್ಪತ್ತರ ದಶಕದ ಕೊನೆಗೆ ಬಂದ ಎಷ್ಟೋ ಗಿಟಾರುಗಳು ಹೆಗಲು ಮುರಿಯುವಷ್ಟು ಭಾರ. ಇವತ್ತಿಗೂ ಹಳೇ ಗಿಟಾರ್ ಮಾರುವವರು "ಸಿಬಿಎಸ್‌ಗೆ ಮುಂಚಿನದು" ಅಂತ ಒತ್ತಿ ಹೇಳುವುದು ಇದಕ್ಕೇ. ಗಮನಿಸಿ, ಇಷ್ಟೆಲ್ಲ ಕೆಟ್ಟಿದ್ದು ಅಸಲಿ, ದುಬಾರಿ, ಅಮೆರಿಕದಲ್ಲೇ ತಯಾರಾದ ಸ್ಟ್ರಾಟೋಕ್ಯಾಸ್ಟರ್‌ನಲ್ಲಿ. ಆಗ ಸ್ಕ್ವಾಯರ್ ಗಿಟಾರ್ ಹುಟ್ಟಿಯೇ ಇರಲಿಲ್ಲ. ಸ್ಕ್ವಾಯರ್ ಅನ್ನುವುದು ಮಿಶಿಗನ್‌ನ ಒಂದು ಹಳೆಯ ತಂತಿ ಕಂಪನಿ, ಫೆಂಡರ್ ಅದನ್ನು 1965ರಲ್ಲಿ ಕೊಂಡು ಸುಮ್ಮನೆ ಇಟ್ಟುಕೊಂಡಿತ್ತು.

ಎಪ್ಪತ್ತರ ದಶಕದ ಕೊನೆಗೆ ಜಪಾನಿನ ಟೋಕಾಯ್, ಗ್ರೆಕೋ ಕಂಪನಿಗಳು ಐವತ್ತರ ದಶಕದ ಫೆಂಡರ್ ಹೇಗಿತ್ತೋ ಹಾಗೇ ನಕಲು ಮಾಡಿ ಅರ್ಧ ಬೆಲೆಗೆ ಕೊಡುತ್ತಿದ್ದವು. ನಕಲು ಅಸಲಿಗಿಂತ ಚೆನ್ನಾಗಿತ್ತು. ತಡೆಯಲಾರದೆ ಫೆಂಡರ್ 1982ರಲ್ಲಿ ಕಾಂಡಾ ಶೋಕಾಯ್, ಯಮಾನೋ ಗಾಕ್ಕಿ ಜೊತೆ ಸೇರಿ ಫೆಂಡರ್ ಜಪಾನ್ ಕಟ್ಟಿತು. ಮಾತ್ಸುಮೋಟೋದ ಫುಜಿಗೆನ್ ಕಾರ್ಖಾನೆಯಲ್ಲಿ ಕೆಲಸ ಶುರುವಾಯಿತು. ಯುರೋಪಿಗೆ ಕಳಿಸಲು ಮಾಡಿದ ಅಗ್ಗದ ಸಾಲಿಗೆ ಮೂಲೆಯಲ್ಲಿ ಬಿದ್ದಿದ್ದ ಸ್ಕ್ವಾಯರ್ ಹೆಸರು ಇಟ್ಟರು. ಸೀರಿಯಲ್ ನಂಬರ್ "ಜೆವಿ" ಅಂತ ಶುರುವಾಗುವ ಆ ಗಿಟಾರುಗಳನ್ನು ಇವತ್ತು ಸಂಗ್ರಹಕಾರರು ಹುಡುಕಿ ಹುಡುಕಿ ಕೊಳ್ಳುತ್ತಾರೆ.

1985ರಲ್ಲಿ ಬಿಲ್ ಶುಲ್ಟ್ಸ್ ಮುಂದಾಳತ್ವದಲ್ಲಿ ಕಂಪನಿಯವರೇ ಸೇರಿ ಫೆಂಡರನ್ನು ಸಿಬಿಎಸ್‌ನಿಂದ ಬಿಡಿಸಿಕೊಂಡಾಗ ಫುಲ್ಲರ್ಟನ್ ಕಾರ್ಖಾನೆ ಆ ವ್ಯವಹಾರದಲ್ಲಿ ಸೇರಿರಲಿಲ್ಲ. ಕ್ಯಾಲಿಫೋರ್ನಿಯಾದ ಕರೋನಾ ಊರಿನಲ್ಲಿ ಹೊಸ ಕಾರ್ಖಾನೆ ಕೈಹಿಡಿಯುವವರೆಗೆ ಅಂಗಡಿಗಳಲ್ಲಿ ಫೆಂಡರ್ ಉಳಿದಿದ್ದೇ ಜಪಾನಿನ ಗಿಟಾರುಗಳ ಬಲದಿಂದ. ಅಗ್ಗದ ಸಾಲು ಹೆಸರು ಕೆಡಿಸಿತು ಅನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಹಳೇಹುಬ್ಬಳ್ಳಿ

ಫೆಂಡರ್ ಕಥಿ ಖರೇ ಐತಿ, ಒಪ್ಪಿದೆ. ಆದ್ರ ಗೆದ್ದವರ ಕಥಿ ಅಷ್ಟ ಹೇಳಿದ್ರ ಹೆಂಗ್ರೀ? ಸೋತವರೂ ಅದಾರಲ್ಲ.

ಬಿ.ಸಿ. ರಿಚ್ ತಗೋರಿ. ಲಾಸ್ ಏಂಜಲೀಸ್‌ನಾಗ ಬರ್ನಾರ್ಡೋ ರಿಕೋ ಕೈಯಿಂದ ಮಾಡಿದ ಗಿಟಾರ್, ನೆಕ್ಕಿನ ಕಟ್ಟಿಗಿ ಮೈಯೊಳಗಿಂದ ತುದಿತನಕ ಒಂದ ತುಂಡು. ಮಾಕಿಂಗ್‌ಬರ್ಡ್, ವಾರ್ಲಾಕ್ ಅಂದ್ರ ಎಂಬತ್ತರ ದಶಕದ ಮೆಟಲ್ ಹುಡುಗರಿಗೆ ಕನಸು. ಮುಂದ ಏನಾತು? ಜಪಾನಿನ ಎನ್‌ಜೆ ಸಾಲು ಬಂತು, ಅದು ಚಲೋನ ಇತ್ತು. ಆಮ್ಯಾಲ ಹೆಸರನ್ನ ಲೈಸೆನ್ಸ್ ಮ್ಯಾಲ ಬ್ಯಾರೆಯವರಿಗೆ ಕೊಟ್ರು. ಕಡೀಕ ಬ್ರಾಂಜ್ ಸೀರೀಸ್ ವಾರ್ಲಾಕ್ ಅಂತ ಬಂತು, ಅಂಗಡ್ಯಾಗ ಎಲ್ಲಾಕಿಂತ ಅಗ್ಗದ ಮೂಲ್ಯಾಗ ನೇತಾಡ್ತಿತ್ತು. ಈಗ ಹೊಸ ಹುಡುಗರಿಗೆ ಬಿ.ಸಿ. ರಿಚ್ ಅಂದ್ರ ಮೊದಲ ನೆನಪಾಗೋದು ಅದ. ಕೈಯಿಂದ ಮಾಡಿದ್ದು ಇತ್ತು ಅಂತ ನಾವ ಹೇಳಬೇಕು.

ಹೇಮರ್ ಇನ್ನೊಂದು. ಇಲಿನಾಯ್ಸ್‌ನಾಗ ಹುಟ್ಟಿದ ಸಣ್ಣ ಕಂಪನಿ, ಚೀಪ್ ಟ್ರಿಕ್ ತಂಡದ ರಿಕ್ ನೀಲ್ಸನ್ ಕೈಯಾಗ ಮೆರೆದದ್ದು. 1988ರಾಗ ಕೇಮನ್ ಕಂಪನಿ ಕೊಂಡ್ತು. ಮೊದಲ ಸ್ಲ್ಯಾಮರ್ ಅಂತ ಬ್ಯಾರೆ ಹೆಸರು, ಆಮ್ಯಾಲ ಏಷ್ಯಾದ ಅಗ್ಗದ ಗಿಟಾರಿಗೂ ಹೇಮರ್ ಅಂತನ ಹೆಸರು. ಅಸಲಿ ಯಾವುದು ಅಂತ ನೋಡಾಕ ಬಂದವಗ ಹೆಡ್‌ಸ್ಟಾಕ್ (ಕಂಪನಿ ಹೆಸರು ಬರೆಯೂ ನೆಕ್ಕಿನ ತುದಿ) ನೋಡಿದ್ರ ತಿಳೀಲಾರದಂಗಾತು. 2013ರಾಗ ಫೆಂಡರ್ ಕೈಯಾಗ ಇದ್ದಾಗ ಅಂಗಡಿ ಬಾಗಿಲ ಹಾಕ್ತು. ಇದಕ್ಕ ನೀವೇನಂತೀರಿ?

ತುಂಗಾತೀರ

ಒಳ್ಳೆಯ ಉದಾಹರಣೆಗಳು, ತಳ್ಳಿಹಾಕಲಾರೆ. ಆದರೆ ಎರಡರಲ್ಲೂ ಒಂದು ಸಂಗತಿ ನೋಡಿ. ಬಿ.ಸಿ. ರಿಚ್‌ನಲ್ಲಿ ಹೆಸರೇ ಬಾಡಿಗೆಗೆ ಹೋಯಿತು, ಮೇಲಿನ ಸಾಲು ಅಂಗಡಿಯಲ್ಲಿ ಕಾಣಿಸದಷ್ಟು ಕಡಿಮೆಯಾಯಿತು. ಹೇಮರ್‌ನಲ್ಲಿ ಎರಡು ಸಾಲಿಗೂ ಒಂದೇ ಹೆಸರಾಯಿತು, ಮೇಲಿನದನ್ನು ಬೆಳೆಸುವ ಮನಸ್ಸು ಮಾಲೀಕರಿಗೆ ಇರಲಿಲ್ಲ. ಮೇಲೆ ಒಳ್ಳೆಯ ಗಿಟಾರ್ ತಯಾರಾಗಿ ಜನರ ಕಣ್ಣಿಗೆ ಬೀಳುತ್ತಿರುವಷ್ಟು ಕಾಲ ಕೆಳಗಿನದು ಹಾನಿ ಮಾಡಲಾರದು. ಮೇಲಿನದು ಮಾಯವಾದಾಗ ಕೆಳಗಿನದೇ ಕಂಪನಿಯ ಮುಖವಾಗುತ್ತದೆ. ಹಾನಿಯ ಮೂಲ ಅಲ್ಲಿದೆ ಅನ್ನುತ್ತೇನೆ.

ಇನ್ನೊಂದು, ಅಗ್ಗದ ಗಿಟಾರಿಗೆ ತನ್ನದೇ ಹೆಸರು ಹಾಕುವುದು ಫೆಂಡರಿಗೆ ಹೊಸತಲ್ಲ. 1956ರಲ್ಲೇ ವಿದ್ಯಾರ್ಥಿಗಳಿಗೆಂದು ಮ್ಯೂಸಿಕ್‌ಮಾಸ್ಟರ್, ಡುಯೋಸಾನಿಕ್ ಬಂದವು, 1964ರಲ್ಲಿ ಮಸ್ಟಾಂಗ್. ಮೂರರ ಹೆಡ್‌ಸ್ಟಾಕ್ ಮೇಲೂ ಫೆಂಡರ್ ಅಂತಲೇ ಇತ್ತು. ಸಣ್ಣ ಮಕ್ಕಳ ಕೈಗೆ ಅಂತ ಮಾಡಿದ ಮಸ್ಟಾಂಗನ್ನು ಮುಂದೆ ನಿರ್ವಾಣ ತಂಡದ ಕರ್ಟ್ ಕೊಬೇನ್ ಇಷ್ಟಪಟ್ಟು ನುಡಿಸಿದರು.

ಫ್ರೆಟ್‌ಕೆಲಸ

ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ ನನ್ನ ಹೊಟ್ಟೆಪಾಡು. ಇತಿಹಾಸ ನೀವು ಹೇಳಿ, ಬೆಂಚಿನ ಮೇಲೆ ಏನು ಕಾಣುತ್ತದೆ ಅಂತ ನಾನು ಹೇಳುತ್ತೇನೆ.

ಅಗ್ಗದ ಸ್ಟ್ರಾಟ್ ಮಾದರಿಯ ಗಿಟಾರೊಂದರ ಪಿಕ್‌ಗಾರ್ಡ್ (ಮುಂಭಾಗದ ಪ್ಲಾಸ್ಟಿಕ್ ಹಲಗೆ) ಬಿಚ್ಚಿ. ಹನ್ನೊಂದು ಸ್ಕ್ರೂ. ತಿರುಗಿಸಿ ನೋಡಿದರೆ ಮೂರು ಪಾಟ್ (ಶಬ್ದ ಏರಿಳಿಸುವ ಗುಂಡಿಯ ಕೆಳಗಿನ ಭಾಗ), ಒಂದೊಂದೂ ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣದು. ದುಬಾರಿ ಗಿಟಾರಿನಲ್ಲಿ ಇರುವುದು ಇದರ ಒಂದೂವರೆ ಪಟ್ಟು ಅಗಲದ್ದು. ಸಣ್ಣ ಪಾಟ್ ಶಬ್ದಕ್ಕೆ ಮೋಸ ಮಾಡುವುದಿಲ್ಲ, ಆದರೆ ಮಂಗಳೂರು ಕಡೆಯಿಂದ ಬರುವ ಗಿಟಾರುಗಳಲ್ಲಿ ಎರಡು ಮಳೆಗಾಲಕ್ಕೆ ಕರಕರ ಅನ್ನುತ್ತದೆ. ತಂತಿಯ ಕಂಪನ ಹಿಡಿಯುವ ಪಿಕಪ್ ಕೆಳಗೆ ಬೆರಳು ಆಡಿಸಿ: ಅಗ್ಗದ್ದರಲ್ಲಿ ಉಕ್ಕಿನ ಆರು ಮೊಳೆ, ಅವುಗಳ ಬುಡಕ್ಕೆ ಅಂಟಿಸಿದ ಸೆರಾಮಿಕ್ ಅಯಸ್ಕಾಂತದ ಪಟ್ಟಿ. ಒಳ್ಳೆಯದರಲ್ಲಿ ಆ ಆರು ಮೊಳೆಗಳೇ ಆಲ್ನಿಕೋ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ) ಅಯಸ್ಕಾಂತ. ಹಿಂದಿನ ಮುಚ್ಚಳ ತೆಗೆದರೆ ಟ್ರೆಮೊಲೊ ಬ್ಲಾಕ್, ಸ್ವರ ಬಾಗಿಸುವ ಹಿಡಿಕೆಗೆ ಸೇರಿದ ಲೋಹದ ತುಂಡು. ಅಗ್ಗದ್ದರಲ್ಲಿ ಸತುವಿನ ಎರಕ, ಬೆರಳಷ್ಟೇ ದಪ್ಪ. ದುಬಾರಿಯದರಲ್ಲಿ ಉಕ್ಕಿನ ಗಟ್ಟಿ.

ಇವು ಕಂಪನಿ ಯೋಚಿಸಿ ಉಳಿಸಿದ ಹಣ. ನನಗೆ ಇದರ ಬಗ್ಗೆ ದೂರಿಲ್ಲ, ಕೊಂಡವರಿಗೂ ಗೊತ್ತಿರುತ್ತದೆ. ಬೇಕಾದರೆ ಆಮೇಲೆ ಒಂದೊಂದಾಗಿ ಬದಲಿಸಬಹುದು.

ನೋವಾಗುವುದು ಬೇರೆ ಕಡೆ. ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚಿನ ಆಳ ಸಾಲದೆ ಮೊದಲ ಫ್ರೆಟ್ಟಿನಲ್ಲಿ (ನೆಕ್ಕಿನ ಮೇಲಿನ ಅಡ್ಡ ಲೋಹದ ಗೆರೆ) ಎಲ್ಲ ತಂತಿಯನ್ನೂ ಒಂದೇ ಬೆರಳಲ್ಲಿ ಒತ್ತುವ ಎಫ್ ಬಾರೆ ಹಿಡಿಯಲು ಹೋದ ಮಗುವಿನ ಬೆರಳು ಕೆಂಪಾಗುತ್ತದೆ. ಫ್ರೆಟ್ ತುದಿ ಉಜ್ಜದೆ ಬಿಟ್ಟಿರುತ್ತಾರೆ, ಫೆಬ್ರವರಿ ಮಾರ್ಚಿನ ಒಣಹವೆಗೆ ನೆಕ್ಕಿನ ಮರ ಕುಗ್ಗಿ ತುದಿ ಹೊರಗೆ ಬಂದು ಅಂಗೈ ಕೊಯ್ಯುತ್ತದೆ. ಇದು ಸಾಮಾನಿನ ಖರ್ಚಲ್ಲ, ಕೊನೆಯ ಅರ್ಧ ಗಂಟೆಯ ಕೈಕೆಲಸ. ಆ ಅರ್ಧ ಗಂಟೆ ಉಳಿಸಿದ್ದಕ್ಕೆ ಮಗು ಗಿಟಾರ್ ಬಿಡುತ್ತದೆ, ತನಗೆ ಸಂಗೀತ ಬರುವುದಿಲ್ಲ ಅಂದುಕೊಳ್ಳುತ್ತದೆ. ಕಂಪನಿಯ ಹೆಸರು ಕೆಡುವುದಿದ್ದರೆ ಇಲ್ಲಿ ಕೆಡಬೇಕು. ಆದರೆ ಆ ಮಗು ಕಂಪನಿಯನ್ನು ಬೈಯುವುದೇ ಇಲ್ಲ, ತನ್ನನ್ನೇ ಬೈದುಕೊಳ್ಳುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು. ಕಳೆದ ವರ್ಷ ನನ್ನ ಬೆಂಚಿಗೆ ಲಕ್ಷಗಟ್ಟಲೆ ಬೆಲೆಯ ಒಂದು ಗಿಟಾರ್ ಬಂತು. ಕಂಪನಿಯ ಹೆಸರು ಬೇಡ. ನಟ್ ಕೆಳಗೆ ಅಂಟು ಉಬ್ಬಿ ನಿಂತಿತ್ತು, ಬೈಂಡಿಂಗ್ (ಅಂಚಿನ ಪಟ್ಟಿ) ಮೇಲೆ ಬಣ್ಣ ಕೆರೆದ ಗುರುತು. ಯಜಮಾನರು ಅದನ್ನು ನನಗೆ ತೋರಿಸುವಾಗ ಕೈ ನಡುಗುತ್ತಿತ್ತು. ಅವರು ಆ ಕಂಪನಿಯನ್ನು ಇನ್ನು ಕ್ಷಮಿಸುವುದಿಲ್ಲ, ಹತ್ತು ಜನಕ್ಕೆ ಹೇಳುತ್ತಾರೆ. ತುಂಗಾತೀರ ಅವರ ಮಾತಿಗೆ ನನ್ನ ಬೆಂಬಲ ಇರುವುದು ಈ ಕಾರಣಕ್ಕೆ.

ಸನ್ನಿವೇಲ್_ಸುಬ್ಬು

ಗಿಬ್ಸನ್ ವಿಷಯ ಯಾರೂ ಬಿಡಿಸಿ ಹೇಳಿಲ್ಲ, ನಾನು ಹೇಳುತ್ತೇನೆ. ಆ ವರ್ಷಗಳಲ್ಲಿ ಇಲ್ಲಿ ಅಮೆರಿಕದ ಅಂಗಡಿಗಳಲ್ಲಿ ಕಣ್ಣಾರೆ ನೋಡಿದ್ದೇನೆ.

2015ರಲ್ಲಿ ಗಿಬ್ಸನ್ ತನ್ನ ಅಮೆರಿಕದ ಗಿಟಾರುಗಳಿಗೆ ತಾನಾಗಿ ಶ್ರುತಿ ಮಾಡುವ ಜಿ-ಫೋರ್ಸ್ ಯಂತ್ರ ಕೂರಿಸಿತು. ಹಿತ್ತಾಳೆಯ ನಟ್, ಅಗಲವಾದ ನೆಕ್, ಜೊತೆಗೆ ಬೆಲೆಯೂ ಏರಿತು. ಯಾರೂ ಕೇಳಿರಲಿಲ್ಲ. ಜನ ಹಳೆಯ ವರ್ಷದ ಮಾಡೆಲ್ ಹುಡುಕಿ ಕೊಳ್ಳಲು ಶುರು ಮಾಡಿದರು. ಆ ವೇಳೆಗೆ ಫಿಲಿಪ್ಸ್‌ನ ಆಡಿಯೋ ವ್ಯಾಪಾರ ಕೊಂಡು ಮೈತುಂಬ ಸಾಲ ಮಾಡಿಕೊಂಡಿತ್ತು. 2018ರ ಮೇ 1ರಂದು ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಈ ಇಡೀ ಅಧ್ಯಾಯದಲ್ಲಿ ಎಪಿಫೋನ್ ಮಾಡಿದ ತಪ್ಪು ಒಂದೂ ಇಲ್ಲ.

ನಿಜ ಹೇಳಬೇಕೆಂದರೆ ಅನ್ಯಾಯ ಆಗಿದ್ದು ಎಪಿಫೋನ್‌ಗೇ. ಗ್ರೀಸ್ ಮೂಲದ ಸ್ಟಾಥೋಪೌಲೋ ಮನೆತನದ ಕಂಪನಿ ಅದು, ಮೂವತ್ತರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಕೂತು ಗಿಬ್ಸನ್‌ಗೆ ಸರಿಸಮನಾಗಿ ಆರ್ಚ್‌ಟಾಪ್ (ಮೇಲ್ಮೈ ಉಬ್ಬಿದ) ಗಿಟಾರ್ ಮಾಡುತ್ತಿತ್ತು. 1957ರಲ್ಲಿ ಗಿಬ್ಸನ್‌ನ ಒಡೆಯರು ಕೊಂಡುಕೊಂಡ ಮೇಲೂ ಸುಮಾರು ಹನ್ನೆರಡು ವರ್ಷ ಮಿಶಿಗನ್‌ನ ಕಲಾಮಜೂ ಊರಿನಲ್ಲಿ ಗಿಬ್ಸನ್ ಪಕ್ಕದಲ್ಲೇ ತಯಾರಾಯಿತು. ಬೀಟಲ್ಸ್ ತಂಡದ ಜಾನ್ ಲೆನನ್ 1969ರ ಜನವರಿಯಲ್ಲಿ ಲಂಡನ್ನಿನ ಕಟ್ಟಡವೊಂದರ ಮಹಡಿ ಮೇಲೆ ನುಡಿಸಿದ ಎಪಿಫೋನ್ ಕ್ಯಾಸಿನೋ ಗಿಟಾರ್ ಅದೇ ಕಾಲದ್ದು. 1970ರಲ್ಲಿ ಜಪಾನಿಗೆ, ಆಮೇಲೆ ಕೊರಿಯಾಗೆ, ಆಮೇಲೆ ಚೀನಾಗೆ. ಗೌರವದ ಹೆಸರೊಂದನ್ನು ಅಗ್ಗದ ಚೀಟಿ ಮಾಡಿದರು. ಅಗ್ಗದ ಸಾಲು ಯಾರ ಹೆಸರು ಕೆಡಿಸಿತು ಅಂತ ಕೇಳಿದರೆ ನನ್ನ ಉತ್ತರ: ಕೊಂಡವನದ್ದಲ್ಲ, ಕೊಳ್ಳಲ್ಪಟ್ಟವನದ್ದು.

ಗಿಬ್ಸನ್‌ಗೆ ಬೇರೆ ಹೆಸರಿನಲ್ಲಿ ಅಗ್ಗದ್ದು ಮಾರುವ ಅಭ್ಯಾಸ ಬಹಳ ಹಳೆಯದು. ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಕೂಲಿಯವರ ಕೈಗೆ ಸಿಗಲಿ ಅಂತ ಊರಿನ ಹೆಸರಿಟ್ಟು ಕಲಾಮಜೂ ಅನ್ನುವ ಗಿಟಾರ್ ಮಾಡಿದರು. ಅದೇ ಕಾರ್ಖಾನೆ, ಅದೇ ಕೆಲಸಗಾರರು, ಆದರೆ ನೆಕ್ಕಿನೊಳಗೆ ಸರಿಹೊಂದಿಸುವ ಕಬ್ಬಿಣದ ಸರಳು ಇಲ್ಲ. ಗಿಬ್ಸನ್ ಅಂತ ಹೆಡ್‌ಸ್ಟಾಕ್ ಮೇಲೆ ಬರೆಯಲಿಲ್ಲ. ಆ ಕಷ್ಟಕಾಲದಲ್ಲಿ ಕಂಪನಿ ಉಳಿದಿದ್ದಕ್ಕೆ ಅವೂ ಒಂದು ಕಾರಣ.

ಈಗ ಗಾಳಿ ತಿರುಗಿದೆ. 2024ರಲ್ಲಿ ಬಂದ ಎಪಿಫೋನ್‌ನ ಮೇಲ್ದರ್ಜೆಯ ಸಾಲಿಗೆ ಗಿಬ್ಸನ್‌ದೇ ತೆರೆದ ಪುಸ್ತಕದ ಆಕಾರದ ಹೆಡ್‌ಸ್ಟಾಕ್ ಕೊಟ್ಟಿದ್ದಾರೆ. ದಶಕಗಳ ಕಾಲ ಬಿಟ್ಟುಕೊಡದ ಆಕಾರ ಅದು.

ಕಲಿಯುವವ_ದಾವಣಗೆರೆ

ನಾನು ಹೊಸಬ, ಎರಡನೇ ವರ್ಷದ ಇಂಜಿನಿಯರಿಂಗ್. ನೀವೆಲ್ಲ ಕಂಪನಿ ಹೆಸರಿನ ಬಗ್ಗೆ ಹೇಳ್ತಿದ್ದೀರಿ. ನುಡಿಸೋನ ಮರ್ಯಾದೆ ಕಥೆ? ನಮ್ಮ ಕಾಲೇಜು ಫೆಸ್ಟಲ್ಲಿ ಹೆಡ್‌ಸ್ಟಾಕ್ ನೋಡಿಯೇ ಮಾತಾಡ್ತಾರೆ. ಸ್ಕ್ವಾಯರ್ ಹಿಡಿದರೆ "ಮುಂದೆ ಒಳ್ಳೇದು ತಗೋ" ಅಂತಾರೆ. ಒಬ್ಬ ಸೀನಿಯರ್ ಆನ್‌ಲೈನಲ್ಲಿ ಫೆಂಡರ್ ಸ್ಟಿಕರ್ ತರಿಸಿ ಹೆಡ್‌ಸ್ಟಾಕಿಗೆ ಅಂಟಿಸಿಕೊಂಡಿದ್ದಾನೆ. ಚೆನ್ನಾಗಿ ನುಡಿಸ್ತಾನೆ, ಅವನಿಗ್ಯಾಕೆ ಅದು ಬೇಕಿತ್ತು ಅಂತ ಬೇಜಾರಾಗತ್ತೆ.

ಫ್ರೆಟ್‌ಕೆಲಸ

ತಮ್ಮಾ, ಸ್ಟಿಕರ್ ಅಂಟಿಸಿದ ಗಿಟಾರನ್ನು ನಾನು ರಿಪೇರಿಗೆ ತೆಗೆದುಕೊಳ್ಳುತ್ತೇನೆ, ಕೊಳ್ಳುವುದಿಲ್ಲ. ನಾಳೆ ಅದು ಮೂರನೇ ಕೈಗೆ ಹೋಗುತ್ತದೆ, ಯಾರೋ ಅಸಲಿ ಅಂತ ನಂಬಿ ದುಡ್ಡು ಕಳೆದುಕೊಳ್ಳುತ್ತಾರೆ. ಅಗ್ಗದ ಸಾಲಿನಿಂದ ಕಂಪನಿಗೆ ಆಗುವ ನಿಜವಾದ ಹೊಡೆತ ಇದೇ ಇರಬಹುದು. ಆಕಾರ ಒಂದೇ, ಹೆಸರು ಮಾತ್ರ ಬೇರೆ.

ಹಳೇಹುಬ್ಬಳ್ಳಿ

ನಮ್ಮ ದೇಶದಾಗ ಈ ಮರ್ಯಾದಿ ಲೆಕ್ಕನ ಬ್ಯಾರೆ ಇತ್ತು, ಅದನ್ನೂ ಹೇಳಬೇಕು. 1991ಕ್ಕೂ ಮೊದಲ ಹೊರದೇಶದ ಗಿಟಾರ್ ಅಂದ್ರ ದುಬೈ, ಅಮೆರಿಕಾದಿಂದ ಮಾಮಾ ಕಾಕಾ ತರಬೇಕು. ಅಂಗಡ್ಯಾಗ ಸಿಗ್ತಿದ್ದದ್ದು ಕೋಲ್ಕತ್ತದ ಗಿವ್ಸನ್, ಮತ್ತ ಹಾಬ್ನರ್. ಹೆಸರು ಕೇಳಿದ್ರ ತಿಳಿತೈತಿ ಯಾರ ನೆರಳು ಅಂತ. ಚರ್ಚ್ ಗಾಯಕರು, ಆರ್ಕೆಸ್ಟ್ರಾದವರು, ಕಾಲೇಜ್ ಹುಡುಗರು ಎಲ್ಲಾರೂ ಅದರ ಮ್ಯಾಲ ಕಲತವರ. ನಮಗ ಅಸಲಿ ಗಿಬ್ಸನ್ ಕಣ್ಣಿಗೆ ಬಿದ್ದಿರಲಿಲ್ಲ, ಹಂಗಾಗಿ ಇದು ಕೀಳು ಅಂತ ಅನ್ನಿಸೂ ಪ್ರಶ್ನಿನ ಬರಲಿಲ್ಲ. ಗಿಟಾರ್ ಅಂದ್ರ ಇದ ಅಂತ ಪ್ರೀತಿ ಮಾಡಿದ್ವಿ.

ಇನ್ನೊಂದು ಬಹಳ ಮಂದಿಗೆ ಗೊತ್ತಿಲ್ಲದ್ದು. ಎಂಬತ್ತರ ದಶಕದ ಕಡೀಕ ಫೆಂಡರ್ ಸ್ವತಃ ತನ್ನ ಕೆಳಗಿನ ಸಾಲಿನ ಗಿಟಾರ್ ಒಂದಿಷ್ಟನ್ನ ಭಾರತದಾಗ ಮಾಡಿಸಿತ್ತು. ಸ್ಕ್ವಾಯರ್ 2 ಅಂತ ಒಂದು, ಸನ್ ಮಸ್ಟಾಂಗ್ ಅಂತ ಒಂದು. ಬಾಳ ದಿನ ನಡೀಲಿಲ್ಲ. ಆದ್ರ ಹೊರದೇಶದ ಹಳೇ ಮಾಲಿನ ಅಂಗಡ್ಯಾಗ ಇವತ್ತೂ "ಮೇಡ್ ಇನ್ ಇಂಡಿಯಾ" ಸ್ಟ್ರಾಟ್ ಒಮ್ಮೊಮ್ಮೆ ಕಾಣಸ್ತಾವ. ಈಗ ನೋಡಿದ್ರ ಯಮಹಾ 2019ರಿಂದ ಚೆನ್ನೈದಾಗ ಗಿಟಾರ್ ಮಾಡ್ತೈತಿ.

ಬೀಟೆನೆರಳು

ನಮ್ಮದು ಬೆಳ್ತಂಗಡಿ ಕಡೆ. ಗಿಟಾರ್ ನುಡಿಸುವುದಕ್ಕಿಂತ ಮರದ ಮೇಲೆ ನನಗೆ ಆಸಕ್ತಿ ಹೆಚ್ಚು, ಹಾಗಾಗಿ ಒಂದು ಕೋನ ಸೇರಿಸುತ್ತೇನೆ.

ಬ್ರೆಜಿಲ್ ತನ್ನ ಬೀಟೆಯ ದಿಮ್ಮಿ ರಫ್ತು ನಿಲ್ಲಿಸಿದ ಮೇಲೆ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬಂತು. ಅಂದಿನಿಂದ ನಮ್ಮ ಪಶ್ಚಿಮ ಘಟ್ಟದ ಸಾಲಿನ ಮರ ಜಗತ್ತಿನ ದುಬಾರಿ ಗಿಟಾರುಗಳ ಬೆನ್ನು, ಪಕ್ಕ, ಫಿಂಗರ್‌ಬೋರ್ಡ್ ಆಗಿದೆ. 2017ರ ಜನವರಿಯಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಬೀಟೆಯ ಇಡೀ ಕುಲವನ್ನು ನಿಯಂತ್ರಣಕ್ಕೆ ತಂದಾಗ ಒಂದೊಂದು ಗಿಟಾರಿಗೂ ಕಾಗದಪತ್ರ ಬೇಕಾಯಿತು. ದುಬಾರಿ ಗಿಟಾರಿಗೆ ಆ ಖರ್ಚು ಹೊರಬಹುದು, ಅಗ್ಗದ್ದಕ್ಕೆ ಆಗುವುದಿಲ್ಲ. ಹಾಗಾಗಿ ಸ್ಕ್ವಾಯರ್, ಎಪಿಫೋನ್ ಎರಡೂ ಇಂಡಿಯನ್ ಲಾರೆಲ್‌ಗೆ ಬಂದವು. ತಯಾರಾಗಿ ಮುಗಿದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕ ಮೇಲೂ ಅಗ್ಗದ ಸಾಲಿನಲ್ಲಿ ಅದೇ ಉಳಿಯಿತು.

ಈ ಇಂಡಿಯನ್ ಲಾರೆಲ್ ಬೇರೆ ಏನೂ ಅಲ್ಲ, ನಮ್ಮ ಮತ್ತಿ ಮರ. ಮೊಸಳೆ ಚರ್ಮದ ಹಾಗೆ ತೊಗಟೆ ಬಿರಿದು ನಿಲ್ಲುತ್ತದಲ್ಲ, ಅದೇ. ಮಲೆನಾಡಿನ ಹಳೆ ಮನೆಗಳ ತೊಲೆ, ಜಂತಿ ಎಷ್ಟೋ ಕಡೆ ಮತ್ತಿಯದೇ, ತಲೆಮಾರು ದಾಟಿದರೂ ಅಲ್ಲಾಡಿಲ್ಲ. ಗಿಟಾರ್ ವಿಡಿಯೋ ಮಾಡುವವರು "ಲಾರೆಲ್ ಹಾಕಿದ್ದಾರೆ, ಕಳಪೆ" ಅಂತ ಒಂದೇ ಮಾತಲ್ಲಿ ಮುಗಿಸುವಾಗ ನನಗೆ ಹೊಟ್ಟೆ ಉರಿಯುತ್ತದೆ. ಬಣ್ಣ ಸ್ವಲ್ಪ ತಿಳಿ, ರಂಧ್ರ ಸ್ವಲ್ಪ ಹೆಚ್ಚು, ವರ್ಷಕ್ಕೊಮ್ಮೆ ಎಣ್ಣೆ ಸವರಿದರೆ ಬೀಟೆಯಷ್ಟೇ ಬಾಳುತ್ತದೆ. ಬೆಲೆ ನೋಡಿ ಮರವನ್ನು ಅಳೆಯುತ್ತಿದ್ದಾರೆ.

ಫ್ರೆಟ್‌ಕೆಲಸ

ಬೀಟೆನೆರಳು ಹೇಳಿದ್ದು ನೂರಕ್ಕೆ ನೂರು. ಮತ್ತಿಯ ಮೇಲೆ ಫ್ರೆಟ್ ಹೊಡೆಯುವುದು ಗಟ್ಟಿ ಕೆಲಸ, ಆದರೆ ಕೂತರೆ ಕೂತಿತು.

ಆಗುಂಬೆ_ಅಕೌಸ್ಟಿಕ್

ಎಲೆಕ್ಟ್ರಿಕ್ ಬಗ್ಗೆಯೇ ಎಲ್ಲರೂ ಬರೆದಿದ್ದೀರಿ. ಅಕೌಸ್ಟಿಕ್‌ನವರು ಈ ಸಮಸ್ಯೆಗೆ ಬೇರೆ ಬೇರೆ ದಾರಿ ಹಿಡಿದರು, ಹೋಲಿಸಿ ನೋಡಲು ಚೆನ್ನಾಗಿದೆ.

ಮಾರ್ಟಿನ್ 1833ರಿಂದ ಇರುವ ಮನೆ. 1970ರಲ್ಲಿ ಜಪಾನಿನಲ್ಲಿ ಅಗ್ಗದ್ದು ಮಾಡಿಸುವಾಗ ಮಾರ್ಟಿನ್ ಅನ್ನದೆ ಸಿಗ್ಮಾ ಅಂದರು. ದೂರ ಇಟ್ಟರು. ಆಮೇಲೆ ಮನಸ್ಸು ಬದಲಾಯಿತು. ಮೆಕ್ಸಿಕೋದ ನವೋಹೋವಾದಲ್ಲಿ ಸ್ವಂತ ಕಾರ್ಖಾನೆ ಕಟ್ಟಿ, ಎಕ್ಸ್ ಸೀರೀಸ್, ಲಿಟ್ಲ್ ಮಾರ್ಟಿನ್ ಅಂತ ತಂದು ಹೆಡ್‌ಸ್ಟಾಕ್ ಮೇಲೆ ನೇರವಾಗಿ ಸಿ.ಎಫ್. ಮಾರ್ಟಿನ್ ಅಂತಲೇ ಬರೆದರು. ಅವುಗಳ ಬೆನ್ನು, ಪಕ್ಕ ಮರವೇ ಅಲ್ಲ, ಒತ್ತಡ ಹಾಕಿ ಮಾಡಿದ ಲ್ಯಾಮಿನೇಟ್. ಅಡುಗೆಮನೆಯ ಕಟ್ಟೆಗೆ ಹಾಕುವ ಜಾತಿಯದೇ. ಹಳಬರು ಆಗ ಬಹಳ ಬೇಸರ ಮಾಡಿಕೊಂಡರು, ಮಾರ್ಟಿನ್ ಹೆಸರಿಗೆ ಇದು ಸಲ್ಲದು ಅಂತ.

ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಬೂಸ್ಟು ಹಿಡಿಯುತ್ತದೆ. ಗಟ್ಟಿ ಮರದ ಗಿಟಾರಿನ ಹೊಟ್ಟೆ ಉಬ್ಬಿ ಆಕ್ಷನ್ (ತಂತಿಯ ಎತ್ತರ) ಮೇಲೇಳುತ್ತದೆ. ಆ ಲ್ಯಾಮಿನೇಟ್ ಗಿಟಾರ್ ಗೋಡೆಗೆ ನೇತುಹಾಕಿದ ಹಾಗೇ ಇರುತ್ತದೆ, ಶ್ರುತಿಯಲ್ಲೂ ನಿಲ್ಲುತ್ತದೆ. ಅದರ ನಾದದಲ್ಲಿ ಬೀಟೆಯ ಆಳ ಇಲ್ಲ, ಅದು ನಿಜ. ಆದರೆ ಅದೇ ಲಿಟ್ಲ್ ಮಾರ್ಟಿನ್ ಹಿಡಿದು ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಸಾವಿರಾರು ಜನರ ಎದುರು ಒಬ್ಬರೇ ನಿಂತು ಹಾಡಿದ ಮೇಲೆ ಮಾರ್ಟಿನ್ ಅನ್ನುವ ಹೆಸರು ಒಂದು ಹೊಸ ತಲೆಮಾರಿಗೆ ಗೊತ್ತಾಯಿತು. ಇಲ್ಲದಿದ್ದರೆ ಅವರ ಕಣ್ಣಿಗೆ ಅದು ಅಜ್ಜಂದಿರ ಗಿಟಾರ್ ಆಗಿರುತ್ತಿತ್ತು.

ಟೇಲರ್ ಮೊದಲಿಂದಲೂ ಒಂದೇ ಹೆಸರು ಇಟ್ಟುಕೊಂಡಿತು. 1996ರ ಬೇಬಿ ಟೇಲರ್ ಆಗಲಿ 2010ರ ಜಿಎಸ್ ಮಿನಿ ಆಗಲಿ, ಎಲ್ಲವೂ ಟೇಲರ್. ಯಮಹಾ ಬಗ್ಗೆ ಹೇಳುವುದೇ ಬೇಡ, ಅಂಗಡಿಯ ಎಲ್ಲಕ್ಕಿಂತ ಅಗ್ಗದ ಅಕೌಸ್ಟಿಕ್‌ನಿಂದ ಹಿಡಿದು ಕೈಯಿಂದ ಮಾಡುವ ದುಬಾರಿ ಎಲ್‌ಎಲ್ ಸಾಲಿನವರೆಗೆ ಒಂದೇ ಲಾಂಛನ. ಅವರ ಅಗ್ಗದ ಗಿಟಾರ್ ಡಬ್ಬದಿಂದ ತೆಗೆದ ಕೂಡಲೇ ನುಡಿಸಲು ಬರುತ್ತದೆ. ಯಮಹಾ ಹೆಸರು ಕೆಟ್ಟಿತು ಅನ್ನುವವರನ್ನು ನಾನಂತೂ ಕಂಡಿಲ್ಲ.

ಸನ್ನಿವೇಲ್_ಸುಬ್ಬು

ತೀರಾ ಆ ಕಡೆಯವರನ್ನೂ ಮರೆಯಬೇಡಿ. ರಿಕನ್‌ಬ್ಯಾಕರ್ ಇವತ್ತು ಅಗ್ಗದ ಸಾಲು ಮಾರುವುದಿಲ್ಲ, ಹೊರದೇಶದಲ್ಲಿ ಮಾಡಿಸಿಲ್ಲ. ಎಲ್ಲ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲೇ. ಹೆಸರು ಶುದ್ಧವಾಗಿ ಉಳಿದಿದೆ, ಒಪ್ಪುತ್ತೇನೆ. ಆದರೆ ಹದಿನಾರರ ಹುಡುಗಿಯೊಬ್ಬಳು ಅದನ್ನು ಮುಟ್ಟಿ ನೋಡುವುದು ಯಾವಾಗ? ಅವಳು ನಕಲನ್ನೇ ಕೊಳ್ಳುತ್ತಾಳೆ, ಕಂಪನಿ ನಕಲು ಮಾಡುವವರ ಹಿಂದೆ ವಕೀಲರನ್ನು ಓಡಿಸುತ್ತಾ ಇರುತ್ತದೆ.

ದುಡಿವಕೈ

ಇಷ್ಟು ಹೊತ್ತು ಓದಿದೆ. ಗಿಟಾರ್ ಮಾಡುವ ಜನರ ಬಗ್ಗೆ ಯಾರೂ ಬರೆಯಲಿಲ್ಲ. ಕಂಪನಿಯ ಹೆಸರು ಅನ್ನುವುದರಲ್ಲಿ ಅವರೂ ಸೇರಬೇಕಲ್ಲವೇ?

ಇವತ್ತು ಸ್ಕ್ವಾಯರ್, ಅಮೆರಿಕದ ಪಿಆರ್‌ಎಸ್ ಕಂಪನಿಯ ಅಗ್ಗದ ಸಾಲು ಎಸ್‌ಇ, ಇನ್ನೂ ಹಲವು ಹೆಸರಿನ ಗಿಟಾರುಗಳು ಬರುವುದು ಇಂಡೋನೇಷ್ಯಾದಲ್ಲಿರುವ ಕೋರ್-ಟೆಕ್ ಕಾರ್ಖಾನೆಯಿಂದ. ಅದು ಕೊರಿಯಾದ ಕೋರ್ಟ್ ಕಂಪನಿಯದು. 2007ರಲ್ಲಿ ಅವರು ಕೊರಿಯಾದ ಇಂಚಿಯಾನ್‌ನಲ್ಲಿ ಕೆಲಸಗಾರರನ್ನು ತೆಗೆದು, ಡೇಜಾನ್ ಕಾರ್ಖಾನೆ ಮುಚ್ಚಿದರು. ಕೆಲಸ ಇಂಡೋನೇಷ್ಯಾ, ಚೀನಾಗೆ ಹೋಯಿತು. ಬೀದಿಗೆ ಬಿದ್ದವರು ಸುಮ್ಮನಾಗಲಿಲ್ಲ. ಅಮೆರಿಕ, ಜರ್ಮನಿಯ ವಾದ್ಯಮೇಳಗಳವರೆಗೆ ಹೋಗಿ ನ್ಯಾಯ ಕೇಳಿದರು, ಅಲ್ಲಿವರೆಗೆ ಗಿಟಾರ್ ಮಾಡುತ್ತಿದ್ದವರು ಗಿಟಾರ್ ನುಡಿಸಲು ಕಲಿತು ತಮ್ಮದೇ ತಂಡ ಕಟ್ಟಿದರು. ರೇಜ್ ಅಗೇನ್ಸ್ಟ್ ದಿ ಮೆಷಿನ್ ತಂಡದ ಗಿಟಾರ್ ವಾದಕ ಟಾಮ್ ಮೊರೆಲ್ಲೋ ಅವರ ಪರ ನಿಂತರು. ಒಪ್ಪಂದ ಆಗಿದ್ದು 2019ರ ಏಪ್ರಿಲ್‌ನಲ್ಲಿ.

ಹನ್ನೆರಡು ವರ್ಷ. ಅಷ್ಟು ಕಾಲ ಹೆಡ್‌ಸ್ಟಾಕ್ ಮೇಲಿನ ದೊಡ್ಡ ಹೆಸರುಗಳಲ್ಲಿ ಯಾವುದಕ್ಕೂ ಮಸಿ ಹತ್ತಲಿಲ್ಲ. ಪಾಟ್ ಸಣ್ಣದಾದರೆ ನಾವು ಪುಟಗಟ್ಟಲೆ ಬರೆಯುತ್ತೇವೆ.

ತುಂಗಾತೀರ

ದುಡಿವಕೈ, ಇದನ್ನು ಬರೆದಿದ್ದು ಒಳ್ಳೆಯದಾಯಿತು. ಹೆಸರು ಅಂದರೆ ಕೊಳ್ಳುವವನ ಕಣ್ಣಿನ ಹೆಸರು ಅಂತಷ್ಟೇ ಇಟ್ಟುಕೊಂಡು ನಾವು ಮಾತಾಡುತ್ತಿದ್ದೆವು. ಅಗ್ಗದ ಗಿಟಾರ್ ಯಾರ ಕೂಲಿಯಿಂದ ಅಗ್ಗವಾಯಿತು ಅಂತ ಹೆಡ್‌ಸ್ಟಾಕ್ ಹೇಳುವುದಿಲ್ಲ, ಕೇಳುವ ಅಭ್ಯಾಸ ನಮಗೂ ಇಲ್ಲ. ಜೊತೆಗೆ ಇದನ್ನೂ ಹೇಳಬೇಕು: ಆ ಇಂಡೋನೇಷ್ಯಾದ ಕೆಲಸಗಾರರ ಕೈಚಳಕ ಯಾರಿಗೂ ಕಡಿಮೆ ಇಲ್ಲ. ಪಿಆರ್‌ಎಸ್ 2001ರಲ್ಲಿ ಕೊರಿಯಾದಲ್ಲಿ ಎಸ್‌ಇ ಸಾಲು ಶುರು ಮಾಡಿದಾಗ ಹಳೇ ಗಿರಾಕಿಗಳು ಗೊಣಗಿದ್ದರು, ಇವತ್ತು ಇಂಡೋನೇಷ್ಯಾದ ಎಸ್‌ಇ ತಂದು ತೋರಿಸಿದರೆ ಅವರೇ ಬೆನ್ನು ತಟ್ಟುತ್ತಾರೆ. 2008ರಲ್ಲಿ ಸ್ಕ್ವಾಯರ್‌ನ ಕ್ಲಾಸಿಕ್ ವೈಬ್ ಬಂದಾಗಲೂ ಹಾಗೇ ಆಯಿತು. ಆಲ್ನಿಕೋ ಪಿಕಪ್, ಅಚ್ಚುಕಟ್ಟು ಫ್ರೆಟ್, ಬೆಲೆ ಮಾತ್ರ ಸ್ಕ್ವಾಯರಿನದು. ಮೆಕ್ಸಿಕೋದ ಫೆಂಡರ್ ಕೊಳ್ಳಬೇಕೋ ಇದೋ ಅಂತ ಜನ ತಲೆ ಕೆಡಿಸಿಕೊಂಡರು.

ಹಳೇಹುಬ್ಬಳ್ಳಿ

ಹಂಗಾದ್ರ ಒಂದು ಕೇಳ್ತೀನಿ. 2025ರ ಜನವರಿಗೆ ಫೆಂಡರ್ ಸ್ಟ್ಯಾಂಡರ್ಡ್ ಅಂತ ಬಂತಲ್ಲ, ಇಂಡೋನೇಷ್ಯಾದಾಗ ಮಾಡಿದ್ದು, 599 ಡಾಲರ್, ಹೆಡ್‌ಸ್ಟಾಕ್ ಮ್ಯಾಲ ಸ್ಕ್ವಾಯರ್ ಇಲ್ಲ, ನೇರ ಫೆಂಡರ್. ಹೇಮರ್ ಮಾಡಿದ್ದು ಇದನ್ನ ಅಲ್ಲೇನು?

ತುಂಗಾತೀರ

ಆ ಗಿಟಾರ್ ನನಗೂ ಇರಿಸುಮುರಿಸು ತಂದಿದೆ. ಕಾರಣ ಇಂಡೋನೇಷ್ಯಾ ಅಲ್ಲ. ನಲವತ್ತು ವರ್ಷ ಸ್ಕ್ವಾಯರ್ ಅನ್ನುವ ಹೆಸರನ್ನು ಹಂತಹಂತವಾಗಿ ಬೆಳೆಸಿ, ಕ್ಲಾಸಿಕ್ ವೈಬ್‌ನಂಥದ್ದನ್ನು ಕೊಟ್ಟು, ಈಗ ಅದಕ್ಕಿಂತ ಸ್ವಲ್ಪವೇ ದುಬಾರಿಯದಕ್ಕೆ ಫೆಂಡರ್ ಅಂತ ಬರೆದರೆ ಸ್ಕ್ವಾಯರ್ ಕೊಂಡವನಿಗೆ ಏನು ಹೇಳಿದ ಹಾಗಾಯಿತು? ಹೆಚ್ಚು ಕೊಟ್ಟ ಹಣ ಗಿಟಾರಿಗಿಂತ ಹೆಸರಿಗೇ ಹೋಯಿತು ಅನ್ನುವ ಅನುಮಾನ ಬರುತ್ತದೆ. ಅದೇ ಹೊತ್ತಿಗೆ ಕರೋನಾದಲ್ಲಿ, ಮೆಕ್ಸಿಕೋದ ಎನ್ಸೆನಾಡಾದಲ್ಲಿ ಒಳ್ಳೆಯ ಗಿಟಾರುಗಳು ಇನ್ನೂ ತಯಾರಾಗುತ್ತಿವೆ, ಹಾಗಾಗಿ ಹೇಮರ್ ಗತಿ ಬರುತ್ತದೆ ಅನ್ನಲಾರೆ. ಐದು ವರ್ಷ ಬಿಟ್ಟು ನೋಡಬೇಕು.

ಕಲಿಯುವವ_ದಾವಣಗೆರೆ

ಎಲ್ಲ ಓದಿದೆ. ಮುಂದಿನ ತಿಂಗಳು ಕೊಳ್ಳೋದಿದೆ. ಅಂಗಡಿಯಲ್ಲಿ ನಾನೇ ಏನು ನೋಡಿ ತಗೋಬೇಕು, ಫ್ರೆಟ್‌ಕೆಲಸ ಸರ್?

ಫ್ರೆಟ್‌ಕೆಲಸ

ಒಂದೇ ಮಾಡೆಲ್‌ನ ಎರಡು ಮೂರು ಗಿಟಾರ್ ಕೇಳು, ಒಂದೇ ತೋರಿಸಿದರೆ ಒಪ್ಪಬೇಡ. ನೆಕ್ಕಿನ ಅಂಚಿನ ಮೇಲೆ ಅಂಗೈ ಇಟ್ಟು ಮೇಲಿಂದ ಕೆಳಗೆ ಎಳೆ, ಚುಚ್ಚಿದರೆ ಕೆಳಗಿಡು. ಮೂರನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು ಮೊದಲ ಫ್ರೆಟ್ಟಿನ ಮೇಲೆ ನೋಡು: ಕೂದಲೆಳೆಯಷ್ಟು ಜಾಗ ಇರಬೇಕು. ಹೆಚ್ಚಿದ್ದರೆ ನಟ್ ಸರಿಯಿಲ್ಲ, ಆದರೆ ಅದು ಸರಿಹೋಗುವ ದೋಷ. ಹನ್ನೆರಡನೇ ಫ್ರೆಟ್ ಒತ್ತಿದಾಗಿನ ಸ್ವರವೂ ಅಲ್ಲೇ ಮುಟ್ಟಿ ಬಿಟ್ಟಾಗಿನ ಹಾರ್ಮೋನಿಕ್ಕೂ ಒಂದೇ ಇದೆಯಾ ಟ್ಯೂನರ್‌ನಲ್ಲಿ ನೋಡು. ನೆಕ್ಕನ್ನು ಬ್ರಿಡ್ಜ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡು, ತಿರುಚಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ, ಅದು ನನ್ನಿಂದಲೂ ಸರಿಯಾಗದು. ಬಜೆಟ್‌ನಲ್ಲಿ ಸೆಟಪ್‌ಗೆ (ನಟ್, ತಂತಿಯ ಎತ್ತರ ಸರಿಮಾಡಿಸಲು) ಅಂತ ಸ್ವಲ್ಪ ಹಣ ಮೊದಲೇ ತೆಗೆದಿಡು. ಹೆಡ್‌ಸ್ಟಾಕ್ ಮೇಲೆ ಏನು ಬರೆದಿದೆ ಅಂತ ಎಲ್ಲಕ್ಕಿಂತ ಕೊನೆಗೆ ನೋಡು.